ಕಾಲಾವಕಾಶ ಕೇಳಲು ಕಚೇರಿಗಳಲ್ಲೇ ಒಂದು ಕ್ರಮವಿರಲಿ

ಮಾನ್ಯ ಸಂಪಾದಕರೇ,

ಆದಾಯ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ ಹತ್ತಿರವಾದಾಗಲೆಲ್ಲ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ‘ಗಡುವು ವಿಸ್ತರಣೆಗೆ ಮನವಿ’ ಎಂಬ ಸುದ್ದಿ ಕಾಣಿಸಿಕೊಳ್ಳುತ್ತದೆ. 2025ರಲ್ಲಿ ಜುಲೈ 31ಕ್ಕೆ ಮುಗಿಯಬೇಕಿದ್ದ ಗಡುವನ್ನು, ನಮೂನೆಗಳಲ್ಲಿ ಬಹಳಷ್ಟು ಬದಲಾವಣೆಗಳಾಗಿವೆ ಎಂಬ ಕಾರಣ ನೀಡಿ ಕೇಂದ್ರ ನೇರ ತೆರಿಗೆ ಮಂಡಳಿಯು ಸೆಪ್ಟೆಂಬರ್ 15ಕ್ಕೆ ಮುಂದೂಡಿತು. ಕೊನೆಯ ಗಳಿಗೆಯಲ್ಲಿ ಇನ್ನೊಂದು ದಿನ ಸೇರಿಸಿ 16ಕ್ಕೆ ನಿಲ್ಲಿಸಿತು. ಲೆಕ್ಕಪರಿಶೋಧನಾ ವರದಿಯ ಗಡುವು ಅದೇ ವರ್ಷ ಸೆಪ್ಟೆಂಬರ್ 30ರಿಂದ ಅಕ್ಟೋಬರ್ 31ಕ್ಕೆ, ಅಲ್ಲಿಂದ ನವೆಂಬರ್ 10ಕ್ಕೆ ಸರಿಯಿತು. ಇದಕ್ಕಾಗಿ ಲೆಕ್ಕಪರಿಶೋಧಕರ ಸಂಘಟನೆಗಳು ಮನವಿಗಳನ್ನು ಕೊಟ್ಟವು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದವು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಸರ್ಕಾರದ ಮುಂದೆ ಇಷ್ಟು ಧೈರ್ಯದಿಂದ ಸಮಯ ಕೇಳುವ ಈ ವೃತ್ತಿಯವರ ಕಚೇರಿಗಳೊಳಗೇ, ಮೇಲಿನವರ ಮೇಜಿನ ಮುಂದೆ ನಿಂತು ಎರಡು ದಿನ ಹೆಚ್ಚಿಗೆ ಕೇಳಲಾರದೆ ಒಳಗೊಳಗೇ ಬೇಯುವ ಕಿರಿಯರು ಅನೇಕರಿದ್ದಾರೆ. ಅವರ ಸಂಕಟ ಸುದ್ದಿಯಾಗುವುದಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಹಂಚುವ ಮತ್ತು ಮುಗಿದ ಕೆಲಸವನ್ನು ಪರಿಶೀಲಿಸುವ ಜವಾಬ್ದಾರಿಯನ್ನು ಬಹುಕಾಲದಿಂದ ನಿರ್ವಹಿಸುತ್ತಿರುವವಳು. ನಮ್ಮ ಕೆಲಸವೇ ದಿನಾಂಕಗಳ ಕೆಲಸ. ತಿಂಗಳ 7ರೊಳಗೆ ಟಿಡಿಎಸ್ (ಪಾವತಿ ಮಾಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಯ ಮಾರಾಟದ ವಿವರ ಹೋಗಬೇಕು, 20ಕ್ಕೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿಯ ಮಾಸಿಕ ವಿವರ ಸಲ್ಲಿಕೆಯಾಗಬೇಕು. ಜಿಎಸ್‌ಟಿ ವಿವರ ತಡವಾದರೆ ದಿನಕ್ಕೆ 50 ರೂಪಾಯಿಯಂತೆ ಶುಲ್ಕ ಬೆಳೆಯುತ್ತ ಹೋಗುತ್ತದೆ. ಆದಾಯ ತೆರಿಗೆ ವಿವರವಾದರೆ ಐದು ಲಕ್ಷಕ್ಕಿಂತ ಹೆಚ್ಚು ಆದಾಯವುಳ್ಳವರು 5,000 ರೂಪಾಯಿ ಶುಲ್ಕ ತೆರಬೇಕಾಗುತ್ತದೆ. ಈ ದಿನಾಂಕಗಳ ಮುಂದೆ ಒಬ್ಬೊಬ್ಬರಾಗಿ ಬೇಡಿಕೊಂಡು ಪ್ರಯೋಜನವಿಲ್ಲ, ಹಾಗೆ ಬೇಡುವವರೂ ಇಲ್ಲ. ಆದರೆ ಕಚೇರಿಯೊಳಗೆ ಒಬ್ಬರು ಇನ್ನೊಬ್ಬರಿಗೆ ಕೊಡುವ ಗಡುವುಗಳಲ್ಲಿ ಬಹುಪಾಲು ಈ ಜಾತಿಯವಲ್ಲ. ‘ಗುರುವಾರದೊಳಗೆ ಆ ಗಿರಣಿಯ ಬ್ಯಾಂಕ್ ರಿಕನ್ಸಿಲಿಯೇಶನ್ ಮುಗಿಸಿ’ (ಅಂದರೆ ಗಿರಣಿಯ ಲೆಕ್ಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡಿ) ಎಂದು ನಾನು ಹೇಳುವಾಗ ನನ್ನ ಲೆಕ್ಕದಲ್ಲಿ ಅದು ಮುಂದಿನ ಸೋಮವಾರಕ್ಕೆ ಬಂದರೂ ನಡೆಯುತ್ತದೆ. ನಡುವಿನ ದಿನಗಳನ್ನು ಪರಿಶೀಲನೆಗೆ, ತಿದ್ದುಪಡಿಗೆ, ಕಕ್ಷಿದಾರರು ತಡಮಾಡಿ ಕಳಿಸುವ ಕಾಗದಗಳಿಗೆ ಎಂದು ಇಟ್ಟುಕೊಂಡಿರುತ್ತೇನೆ. ಈ ಲೆಕ್ಕ ಇರುವುದು ನನ್ನ ತಲೆಯಲ್ಲಿ ಮಾತ್ರ. ಕೇಳಿಸಿಕೊಂಡ ಹುಡುಗಿಗೆ ಗುರುವಾರವೂ ತಿಂಗಳ 20ನೇ ತಾರೀಖೂ ಒಂದೇ ತೂಕದ ಮಾತುಗಳಾಗಿ ಕೇಳಿಸುತ್ತವೆ.

ಈ ಹುಡುಗಿಯರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ತರಬೇತಿಗೆ ಬರುವ ಆರ್ಟಿಕಲ್ ಅಸಿಸ್ಟೆಂಟರಲ್ಲಿ ಕೆಲಸ ಸಿಕ್ಕಿಬಿದ್ದಾಗ ‘ಇನ್ನೆರಡ ದಿನಾ ಕೊಡ್ರಿ ಮೇಡಂ, ಪಾರ್ಟಿ ಕಡಿಂದ ಬಿಲ್ಲs ಬಂದಿಲ್ರಿ’ ಎಂದು ನೇರವಾಗಿ ಬಂದು ಹೇಳುವವರು ಹೆಚ್ಚಾಗಿ ಹುಡುಗರು. ಹುಡುಗಿಯರನ್ನು ಕೇಳಿದರೆ ‘ಆಗ್ತದ್ರಿ, ಮುಗಸ್ತೇನ್ರಿ’ ಎಂಬ ಉತ್ತರವೇ ಬರುತ್ತದೆ. ಮರುದಿನ ಬೆಳಿಗ್ಗೆ ಕಣ್ಣು ಕೆಂಪಾಗಿಸಿಕೊಂಡು ಬಂದು ಕಡತವನ್ನು ಮೇಜಿನ ಮೇಲೆ ಇಡುತ್ತಾರೆ. ರಾತ್ರಿ ನಿದ್ದೆಗೆಟ್ಟು ಮಾಡಿದ ಆ ಕೆಲಸದಲ್ಲಿ, ಅವರ ಸಾಮರ್ಥ್ಯಕ್ಕೆ ಹೊಂದದ ಸಣ್ಣ ತಪ್ಪುಗಳಿರುತ್ತವೆ. ಇದನ್ನು ನಾನು ನಮ್ಮ ಕಚೇರಿಯ ವಿಶೇಷವೆಂದೋ, ನಮ್ಮ ಕಡೆಯ ಹೆಣ್ಣುಮಕ್ಕಳ ಸಂಕೋಚವೆಂದೋ ತಿಳಿದಿದ್ದೆ. ಹಾಗಲ್ಲವೆಂದು ಮನದಟ್ಟಾದದ್ದು ಆ್ಯಶ್ಲಿ ವಿಲನ್ಸ್, ಜೇವನ್ ಯೂನ್ ಮತ್ತು ಅವರ ಸಹೋದ್ಯೋಗಿಗಳು 2021ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟಿಸಿದ ಲೇಖನವನ್ನು ಓದಿದಾಗ. ಒಂಬತ್ತು ಅಧ್ಯಯನಗಳನ್ನು ಒಳಗೊಂಡ ಆ ಲೇಖನದ ಸಾರವಿಷ್ಟು: ಗಡುವನ್ನು ಬದಲಿಸಬಹುದೆಂದು ಸ್ಪಷ್ಟವಾಗಿ ತಿಳಿಸಿದಾಗಲೂ ಮಹಿಳೆಯರು ಹೆಚ್ಚಿನ ಸಮಯ ಕೇಳಲು ಪುರುಷರಿಗಿಂತ ಹೆಚ್ಚು ಹಿಂಜರಿಯುತ್ತಾರೆ, ಇದರಿಂದ ಅವರ ನೆಮ್ಮದಿಯೂ ಕೆಲಸದ ಗುಣಮಟ್ಟವೂ ಕೆಡುತ್ತವೆ. ತಾವು ಕೇಳಿದರೆ ಜೊತೆಯವರ ಮೇಲೆ ಹೊರೆ ಬೀಳುತ್ತದೆ, ಕೆಲಸ ಬಾರದವಳೆಂದು ತಿಳಿಯುತ್ತಾರೆ ಎಂಬ ಅಳುಕು ಅದರ ಹಿಂದಿರುತ್ತದೆ.

ಆ ಅಳುಕಿನ ಜೊತೆಗೆ ನಮ್ಮ ಮನೆಗಳ ಲೆಕ್ಕವನ್ನೂ ಸೇರಿಸಿ ನೋಡಬೇಕು. ದೇಶದ ಸಮಯ ಬಳಕೆಯ ಕುರಿತು 2019ರಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿ ನಡೆಸಿದ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ. ಪುರುಷ ಕೊಡುವುದು 97 ನಿಮಿಷ. ನಮ್ಮ ವೃತ್ತಿಯ ಅತಿ ಒತ್ತಡದ ತಿಂಗಳುಗಳಲ್ಲೇ ಗಣೇಶನ ಹಬ್ಬ ಬರುತ್ತದೆ, ಅದರ ಬೆನ್ನಿಗೆ ಪಿತೃಪಕ್ಷ, ನವರಾತ್ರಿಗಳು ಬರುತ್ತವೆ. ಮನೆಯಲ್ಲಿ ಚಕ್ಕುಲಿ, ಕರಿಗಡುಬುಗಳ ಕೆಲಸ ಮುಗಿಸಿ, ಬಂದ ನೆಂಟರಿಗೆ ಬಡಿಸಿ, ಆಮೇಲೆ ಲ್ಯಾಪ್‌ಟಾಪ್ ತೆರೆಯುವವಳಿಗೆ ಎರಡು ದಿನ ಹೆಚ್ಚಿನ ಸಮಯ ಬೇಕಾಗುವ ಸಂದರ್ಭ ಎಲ್ಲರಿಗಿಂತ ಹೆಚ್ಚು ಒದಗುತ್ತದೆ. ಬಾಯಿಬಿಟ್ಟು ಕೇಳುವವಳು ಮಾತ್ರ ಎಲ್ಲರಿಗಿಂತ ಕಡಿಮೆ. ಅವಳ ಮೌನವನ್ನು ನಾವು ‘ಜವಾಬ್ದಾರಿಯುಳ್ಳ ಹುಡುಗಿ’ ಎಂದು ಹೊಗಳುತ್ತೇವೆ, ಮತ್ತು ಹಾಗೆ ಹೊಗಳಿದಷ್ಟೂ ಮುಂದಿನ ಸಲ ಅವಳು ಕೇಳುವುದು ಕಷ್ಟವಾಗುತ್ತದೆ.

ಕೇಳಿದರೆ ನಿಜವಾಗಿಯೂ ಮಾನ ಹೋಗುತ್ತದೆಯೇ? ಮೇಜಿನ ಈಚೆ ಕುಳಿತವಳಾಗಿ ಇದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಬುಧವಾರಕ್ಕೆ ಕೊಡಬೇಕಾದ ಕೆಲಸದ ಬಗ್ಗೆ ಸೋಮವಾರವೇ ಬಂದು, ‘ಖರೀದಿ ಲೆಕ್ಕ ಮುಗಿದಿದೆ, ದಾಸ್ತಾನಿನ ಪಟ್ಟಿ ತಾಳೆಯಾಗುತ್ತಿಲ್ಲ, ಶುಕ್ರವಾರದವರೆಗೆ ಬೇಕು’ ಎಂದು ಹೇಳುವವರ ಮೇಲೆ ನನಗೆ ವಿಶ್ವಾಸ ಹೆಚ್ಚುತ್ತದೆ, ಏಕೆಂದರೆ ಅವರು ಕೆಲಸದ ಒಳಹೊಕ್ಕು ನೋಡಿದ್ದಾರೆಂಬುದು ಆ ಮಾತಿನಲ್ಲೇ ಗೊತ್ತಾಗುತ್ತದೆ. ದಾಸ್ತಾನು ತಾಳೆಯಾಗುತ್ತಿಲ್ಲವೆಂಬ ವಿಷಯ ನನಗೆ ಸೋಮವಾರವೇ ತಿಳಿದರೆ ಕಕ್ಷಿದಾರರಿಗೆ ನಾನೇ ದೂರವಾಣಿ ಮಾಡಿ ಗೋದಾಮಿನ ಪುಸ್ತಕ ತರಿಸಬಲ್ಲೆ. ಬುಧವಾರ ಸಂಜೆ ತಿಳಿದರೆ ನನ್ನ ಕೈಯಲ್ಲೂ ಏನೂ ಉಳಿದಿರುವುದಿಲ್ಲ. ಇದು ನನ್ನೊಬ್ಬಳ ಅನುಭವವಲ್ಲ. ಸಮಯ ಕೇಳಿದರೆ ಮೇಲಧಿಕಾರಿಗಳು ತಮ್ಮನ್ನು ಎಷ್ಟು ಕೀಳಾಗಿ ಕಾಣುತ್ತಾರೆಂದು ನೌಕರರು ಊಹಿಸುತ್ತಾರೋ ಅಷ್ಟು ಕೀಳಾಗಿ ಅವರು ಕಾಣುವುದಿಲ್ಲವೆಂಬುದನ್ನು ಇದೇ ಸಂಶೋಧಕರು ಬೇರೆ ಅಧ್ಯಯನಗಳಲ್ಲಿ ತೋರಿಸಿದ್ದಾರೆ. ಅಧಿಕಾರಿಗಳಲ್ಲಿ ಸಿಡುಕರಿಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದಾರೆ, ಅವರ ಕೆಳಗೆ ದುಡಿದವರ ಭಯಕ್ಕೆ ಕಾರಣವೂ ಇದೆ. ಆದರೆ ಒಬ್ಬ ಸಿಡುಕರಿಂದ ಕಲಿತ ಭಯವನ್ನು ಅನೇಕರು ಮುಂದಿನ ಎಲ್ಲ ಕಚೇರಿಗಳಿಗೂ ಹೊತ್ತೊಯ್ಯುತ್ತಾರೆ.

ಇದರ ಮೇಲೆ, ಕೇಳಬೇಕೆಂಬುದೇ ನಮಗೆ ತಡವಾಗಿ ಹೊಳೆಯುತ್ತದೆ ಎಂಬ ಇನ್ನೊಂದು ತೊಡಕಿದೆ. ಯಾವುದೇ ಕೆಲಸ ಎಷ್ಟು ದಿನ ಹಿಡಿಯುತ್ತದೆಂದು ಅಂದಾಜು ಮಾಡುವಾಗ ಮನುಷ್ಯರು ಹಿಂದಿನ ಅನುಭವವನ್ನು ಬದಿಗಿಟ್ಟು, ಈ ಸಲ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆಂದು ನಂಬುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ ಸುಮಾರು 34 ದಿನಗಳಲ್ಲಿ ಮುಗಿಸುತ್ತೇವೆಂದು ಅಂದಾಜಿಸಿದ್ದರು. ನಿಜವಾಗಿ ಹಿಡಿದದ್ದು 55 ದಿನಗಳಿಗೂ ಹೆಚ್ಚು. ಎಲ್ಲವೂ ಕೈಕೊಟ್ಟರೆ ಎಷ್ಟು ದಿನವಾದೀತೆಂದು ಕೇಳಿದಾಗ ಅವರು ಹೇಳಿದ್ದ ಅಂಕಿಯನ್ನೂ ಅದು ಮೀರಿತ್ತು. ನಮ್ಮ ಕಚೇರಿಗಳಲ್ಲಿ ‘ನಾಳೆ ಮುಗಿಯುತ್ತದೆ’ ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರು ಅದನ್ನು ಮನಸಾರೆ ನಂಬಿರುತ್ತಾರೆ. ಆ ನಂಬಿಕೆ ಒಡೆಯುವ ಹೊತ್ತಿಗೆ ಗಡುವು ತಲೆಯ ಮೇಲೆ ಬಂದಿರುತ್ತದೆ, ಆಗ ಕೇಳಲು ಮೊದಲಿಗಿಂತ ಹೆಚ್ಚು ನಾಚಿಕೆಯಾಗುತ್ತದೆ, ನಾಚಿಕೆಯಿಂದ ಇನ್ನೊಂದು ದಿನ ಸುಮ್ಮನಿರುತ್ತಾರೆ, ಕೊನೆಗೆ ಕೇಳದೆಯೇ ತಡಮಾಡಿದವರಾಗುತ್ತಾರೆ. ಹಾಗೆ ತಡವಾದುದಕ್ಕೆ ತೆರುವ ಬೆಲೆ ಸಣ್ಣದಲ್ಲ. ಸಂಶೋಧಕರಾದ ಡೇವಿಡ್ ಫ್ಯಾಂಗ್ ಮತ್ತು ಸ್ಯಾಮ್ ಮ್ಯಾಗ್ಲಿಯೊ ಅವರು 2024ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಅದೇ ಕೆಲಸವನ್ನು ಗಡುವು ಮೀರಿ ಬಂದದ್ದೆಂದು ಹೇಳಿ ತೋರಿಸಿದಾಗ ಜನ ಅದರ ಗುಣಮಟ್ಟಕ್ಕೇ ಕಡಿಮೆ ಅಂಕ ಕೊಟ್ಟರು. ಗಡುವಿಗಿಂತ ಮೊದಲೇ ಬಂದದ್ದೆಂದು ಹೇಳಿದರೆ ಹೆಚ್ಚಿಗೆಯೇನೂ ಕೊಡಲಿಲ್ಲ. ರಾತ್ರಿಯಿಡೀ ಕುಳಿತು ಒಂದು ದಿನ ಮೊದಲೇ ಮುಗಿಸಿದರೆ ಹೆಸರು ಬರುತ್ತದೆಂದು ನಂಬಿರುವ ಎಳೆಯರು ಇದನ್ನು ಗಮನಿಸಬೇಕು.

ಸಮಯ ಕೇಳುವುದು ಸ್ವಭಾವತಃ ನಾಚಿಕೆಯ ಕೆಲಸವಲ್ಲವೆಂಬುದಕ್ಕೆ ನಮ್ಮ ನ್ಯಾಯಾಲಯಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಲ್ಲಿ ಎಷ್ಟೇ ಹಿರಿಯ ವಕೀಲರಾದರೂ ಎದ್ದು ನಿಂತು ವಾಯಿದೆ ಕೇಳುತ್ತಾರೆ, ಹಾಗೆ ಕೇಳಿದ್ದಕ್ಕೆ ಅವರ ವಿದ್ವತ್ತನ್ನು ಯಾರೂ ಶಂಕಿಸುವುದಿಲ್ಲ. ಕೇಳುವುದಕ್ಕೊಂದು ನಿಯಮವಿದೆ, ಕಾರಣವನ್ನು ದಾಖಲಿಸುವ ರೂಢಿಯಿದೆ, ಒಪ್ಪುವ ಅಥವಾ ನಿರಾಕರಿಸುವ ಅಧಿಕಾರ ಯಾರದ್ದೆಂಬುದು ಎಲ್ಲರಿಗೂ ಗೊತ್ತಿದೆ. ಸಿವಿಲ್ ದಾವೆಯಲ್ಲಿ ಪ್ರತಿವಾದಿಯು 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು, ಕಾರಣ ತೋರಿಸಿದರೆ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದೂ ಹೇಳುತ್ತದೆ. ಆ ಮಿತಿಯನ್ನು ಎಷ್ಟು ಸಡಿಲವಾಗಿ ಪಾಲಿಸುತ್ತಿದ್ದೇವೆ, ಅದರಿಂದ ಬಡ ಕಕ್ಷಿದಾರ ಎಷ್ಟು ವರ್ಷ ಅಲೆಯುತ್ತಾನೆ ಎಂಬುದು ಬಲ್ಲವರಿಗೆಲ್ಲ ನೋವಿನ ವಿಷಯ, ಮತ್ತು ನಾನು ಬಯಸುವ ಕ್ರಮಕ್ಕೆ ಮಿತಿಯೂ ಇರಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಆದರೂ ಕ್ರಮವೊಂದಿದ್ದರೆ ಸಂಕೋಚ ತಾನಾಗಿ ಬಿಡುತ್ತದೆ ಎಂಬ ಸತ್ಯ ಅಲ್ಲಿ ದಿನವೂ ಕಾಣುತ್ತದೆ. ಮೇಲೆ ಹೇಳಿದ 2021ರ ಲೇಖನವೂ ಪರಿಹಾರವಾಗಿ ಇದನ್ನೇ ಸೂಚಿಸುತ್ತದೆ: ಸಮಯ ವಿಸ್ತರಣೆ ಕೇಳುವುದಕ್ಕೆ ಸಂಸ್ಥೆಯೇ ವಿಧ್ಯುಕ್ತವಾದ ನಿಯಮ ಮಾಡಿಟ್ಟಾಗ ಮಹಿಳೆಯರ ಹಿಂಜರಿಕೆ ಕಡಿಮೆಯಾಗುತ್ತದೆ.

ಗುಂಪಾಗಿ ಕೇಳುವಾಗಲೂ ಹೀಗೆಯೇ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಅಕ್ಟೋಬರ್ 7ಕ್ಕೆ ಮುಗಿಯಲಾರದೆಂದು ಕಂಡಾಗ ಗಡುವನ್ನು ವಿಸ್ತರಿಸಲಾಯಿತು, ಗಣತಿದಾರರಾಗಿದ್ದ ಶಿಕ್ಷಕರಿಗಾಗಿ ಶಾಲೆಗಳ ರಜೆಯನ್ನೂ 18ರವರೆಗೆ ಮುಂದುವರಿಸಲಾಯಿತು. ಶಿಕ್ಷಕರು ಅಸಮರ್ಥರೆಂದು ಯಾರೂ ಹೇಳಲಿಲ್ಲ. ಕೆಲಸದ ಗಾತ್ರ ಮತ್ತು ಸಮೀಕ್ಷೆಯ ಆ್ಯಪ್‌ನ ತೊಂದರೆಗಳನ್ನು ಎಲ್ಲರೂ ಕಂಡಿದ್ದರು. ಆದರೆ ಅವರಲ್ಲೇ ಒಬ್ಬ ಶಿಕ್ಷಕಿ ತನ್ನ ಶಾಲೆಯಲ್ಲಿ ಫಲಿತಾಂಶ ಪಟ್ಟಿ ಸಿದ್ಧಪಡಿಸಲು ಒಬ್ಬಳೇ ಹೋಗಿ ಒಂದು ದಿನ ಹೆಚ್ಚಿಗೆ ಕೇಳಬೇಕಾದಾಗ ಆ ಕಾರಣಗಳೆಲ್ಲ ಅವಳ ವೈಯಕ್ತಿಕ ಕೊರತೆಗಳಂತೆ ಅವಳಿಗೇ ತೋರುತ್ತವೆ.

ಸಮಯ ಕೊಟ್ಟಷ್ಟೂ ಕೆಲಸ ಹಿಗ್ಗುತ್ತದೆ, ಗಡುವು ಸಡಿಲವಾದರೆ ಶಿಸ್ತು ಹೋಗುತ್ತದೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗಡುವು ಬೇಕೇ ಬೇಕು. ಡ್ಯಾನ್ ಏರಿಯೆಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರೋಕ್ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಲ್ಲ ಕೆಲಸಕ್ಕೂ ಒಂದೇ ಕೊನೆಯ ದಿನ ಪಡೆದವರಿಗಿಂತ, ನಡುವೆ ಸಮನಾದ ಅಂತರದಲ್ಲಿ ಗಡುವುಗಳನ್ನು ಪಡೆದವರು ಚೆನ್ನಾಗಿ ಕೆಲಸ ಮಾಡಿದ್ದರು. ನನ್ನ ಅನುಭವವೂ ಇದನ್ನು ಒಪ್ಪುತ್ತದೆ: ‘ಸೆಪ್ಟೆಂಬರ್ ಕೊನೆಗೆ ಕೊಡಿ’ ಎಂದು ಜುಲೈನಲ್ಲಿ ಹೇಳಿ ಬಿಟ್ಟ ಕಡತಗಳೇ ಪ್ರತಿ ವರ್ಷ ಕೊನೆಯ ವಾರದಲ್ಲಿ ರಾಶಿ ಬೀಳುತ್ತವೆ. ಆದರೆ ಗಡುವು ಬೇಕೆನ್ನುವುದು ಬೇರೆ, ಅದರ ಬಗ್ಗೆ ಬಾಯಿಬಿಡಬಾರದೆನ್ನುವುದು ಬೇರೆ. ಮುಂಚೆಯೇ ಬಂದು, ಕಾರಣ ಹೇಳಿ, ಹೊಸ ದಿನಾಂಕವನ್ನು ತಾನೇ ನಮೂದಿಸಿ ಕೇಳುವವರು ಶಿಸ್ತನ್ನು ಮುರಿಯುತ್ತಿಲ್ಲ. ಇನ್ನೊಬ್ಬರು ಕಾಯುತ್ತಿರುವ ಕೆಲಸಕ್ಕೆ ಇದು ಅನ್ವಯಿಸದೆಂಬುದೂ ಸ್ಪಷ್ಟವಿರಲಿ. ನಮ್ಮ ರಾಜ್ಯದಲ್ಲಿ 2012ರಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಲ್ಲಿ, ಅರ್ಜಿದಾರರಿಗೆ ಸೇವೆ ಕೊಡಲು ತಡಮಾಡಿದ ಅಧಿಕಾರಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೊಡಬೇಕೆಂದಿದೆ. ವಿಧವಾ ವೇತನಕ್ಕೋ ಆದಾಯ ಪ್ರಮಾಣಪತ್ರಕ್ಕೋ ಕಾದು ನಿಂತ ಮಹಿಳೆಯ ದಿನಗಳನ್ನು ಕಚೇರಿಯವರು ತಮ್ಮೊಳಗೇ ಹಂಚಿಕೊಳ್ಳಲಾಗದು. ಇನ್ನು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಗಂಟೆ ಗಂಟೆಗೂ ಇಷ್ಟು ಪೀಸ್ ಎಂದು ಗುರಿ ಕೊಡುವ ಕಡೆ, ಸಮಯ ಕೇಳುವ ಮಾತೇ ಹುಟ್ಟದಂತೆ ಕೆಲಸವನ್ನು ಕಟ್ಟಲಾಗಿದೆ. ಅಲ್ಲಿನ ಹೆಣ್ಣುಮಕ್ಕಳ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು, ಅದನ್ನು ಬಲ್ಲವರು ಬೇರೆಯಾಗಿ ಬರೆಯಬೇಕು.

ಕಚೇರಿಗಳಲ್ಲಿ ಕೆಲಸ ಹಂಚುವ ನನ್ನಂಥವರಲ್ಲಿ ನನ್ನ ವಿನಂತಿ ಇಷ್ಟೆ. ಕಿರಿಯರಿಗೆ ‘ಧೈರ್ಯವಾಗಿ ಕೇಳಿ’ ಎಂದು ಉಪದೇಶ ಮಾಡಿ ಸುಮ್ಮನಾಗಬೇಡಿ, ಏಕೆಂದರೆ ಧೈರ್ಯವಿದ್ದವರಿಗಷ್ಟೇ ಸಿಗುವ ಸಮಯ ನ್ಯಾಯವಾದ ಸಮಯವಲ್ಲ. ಕೆಲಸ ಕೊಡುವಾಗಲೇ ದಿನಾಂಕದ ಪಕ್ಕದಲ್ಲಿ ಅದು ಸರ್ಕಾರದ ಗಡುವೋ, ಕಕ್ಷಿದಾರರಿಗೆ ಕೊಟ್ಟ ಮಾತೋ, ನಮ್ಮ ಅನುಕೂಲಕ್ಕೆ ಇಟ್ಟುಕೊಂಡ ದಿನವೋ ಎಂಬುದನ್ನು ಬರೆಯಿರಿ. ನಮ್ಮ ಕಚೇರಿಯಲ್ಲಿ ಇದನ್ನು ಕೆಲಸದ ಪಟ್ಟಿಯ ಒಂದು ಕಾಲಂ ಮಾಡಿದ್ದೇವೆ. ಹೊಂದಿಸಬಹುದಾದ ದಿನಾಂಕವಾಗಿದ್ದರೆ, ಕೊಟ್ಟ ಅವಧಿಯ ಅರ್ಧ ಕಳೆದಾಗ ಪ್ರತಿಯೊಬ್ಬರೂ, ತಡವಾಗುವಂತಿರಲಿ ಇಲ್ಲದಿರಲಿ, ಮುಗಿದದ್ದೆಷ್ಟು, ಉಳಿದದ್ದೆಷ್ಟು, ಇದೇ ದಿನಾಂಕ ಸಾಕೇ ಬೇರೆ ಬೇಕೇ ಎಂದು ಒಂದೆರಡು ಸಾಲು ಬರೆದು ಕಳಿಸುತ್ತಾರೆ. ಎಲ್ಲರೂ ಬರೆಯಲೇಬೇಕಾದ್ದರಿಂದ ಬರೆದವರನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಮೊದಲು ‘ಮುಗಸ್ತೇನ್ರಿ’ ಎಂದು ಹೇಳಿ ರಾತ್ರಿ ಕೂರುತ್ತಿದ್ದ ಹುಡುಗಿಯರೇ ಈಗ ಹೊಸ ದಿನಾಂಕ ಬರೆದು ಕಳಿಸುತ್ತಾರೆ. ಒಂದು ಕೆಲಸಕ್ಕೆ ಎರಡನೆಯ ಸಲ ಕೇಳಿದರೆ ಮುಖತಃ ಕುಳಿತು ಮಾತನಾಡುತ್ತೇವೆ, ಏಕೆಂದರೆ ಆಗ ಕೊರತೆ ಸಾಮಾನ್ಯವಾಗಿ ಸಮಯದ್ದಾಗಿರುವುದಿಲ್ಲ. ಕೆಲಸ ಅರ್ಥವಾಗಿರುವುದಿಲ್ಲ, ಅಥವಾ ಒಬ್ಬರಿಗೆ ಇಬ್ಬರ ಕೆಲಸ ಬಿದ್ದಿರುತ್ತದೆ. ಹಿರಿಯರೂ ಇದೇ ಪಟ್ಟಿಯಲ್ಲಿ ತಮ್ಮ ದಿನಾಂಕಗಳನ್ನು ಎಲ್ಲರಿಗೂ ಕಾಣುವಂತೆ ಬದಲಿಸಬೇಕೆಂಬುದು ನಮ್ಮ ನಿಯಮ, ಮತ್ತು ನನ್ನ ಅನುಭವದಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಇದೇ.

ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು ತರಬೇತಿಗೆ ಸೇರುವ ವಿದ್ಯಾರ್ಥಿಗಳಿಗೆ ಮಾಹಿತಿ ತಂತ್ರಜ್ಞಾನದ ಜೊತೆಗೆ ಕಚೇರಿಯ ನಡವಳಿಕೆ ಮತ್ತು ಸಂವಹನದ ಪಾಠಗಳನ್ನೂ ಕಡ್ಡಾಯವಾಗಿ ಕೊಡುತ್ತಿದೆ. ಸಮಯ ಕೇಳುವುದು ಹೇಗೆ, ಯಾವಾಗ ಕೇಳಬೇಕು, ಯಾವ ದಿನಾಂಕಕ್ಕೆ ಕೇಳಬಾರದು ಎಂಬುದನ್ನು ಅದರಲ್ಲಿ ಅರ್ಧ ದಿನ ಕಲಿಸಬೇಕೆಂದೂ, ಅದೇ ಪಾಠವನ್ನು ತರಬೇತಿ ಕೊಡುವ ಹಿರಿಯ ಸದಸ್ಯರಿಗೂ ಕಡ್ಡಾಯ ಮಾಡಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಸಂಸ್ಥೆಯನ್ನು ಕೋರುತ್ತೇನೆ. ಮುಂದಿನ ಜುಲೈನ ಕೆಲಸದ ಪಟ್ಟಿಗಳು ಸಿದ್ಧವಾಗುವ ಮೊದಲೇ ಇದು ಆರಂಭವಾದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಲೆಕ್ಕಪರಿಶೋಧನಾ ಕಚೇರಿಯೊಂದರ ಮೇಲ್ವಿಚಾರಕಿ
ಹುಬ್ಬಳ್ಳಿ